ಪಕ್ಕದ ಹೊಲದ ದೊಡ್ಡ ಕುದುರೆಗಳು

ನಮಸ್ಕಾರ. ವೂಸ್ಟರ್‌ಗೆ ಬಂದು ಸೇರಿದ್ದೀರಿ ಅಂತ ಓದಿ ಖುಷಿಯಾಯಿತು. ನಿಮ್ಮ ಯಜಮಾನರಿಗೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕೃಷಿ ಕ್ಯಾಂಪಸ್‌ನಲ್ಲಿ ಕೆಲಸ, ಊರಾಚೆ ಹಳ್ಳಿ ರಸ್ತೆಯಲ್ಲಿ ಬಾಡಿಗೆ ಮನೆ, ಪಕ್ಕದ ಹೊಲ ಆಮಿಶ್ ಕುಟುಂಬದ್ದು, ಅಂದರೆ ಕಾರು, ಟ್ರ್ಯಾಕ್ಟರ್ ಬಿಟ್ಟು ಕುದುರೆಯಿಂದಲೇ ಬೇಸಾಯ, ಓಡಾಟ ನಡೆಸುವ ಕ್ರೈಸ್ತ ಪಂಗಡದವರದ್ದು. ಅವರ ನಾಲ್ಕು ಭಾರೀ ಕುದುರೆಗಳು ದಿನಾ ಬೇಲಿ ಹತ್ತಿರ ಬಂದು ನಿಲ್ಲುತ್ತವೆ. ಹತ್ತಿರ ಹೋಗಬಹುದಾ, ಕ್ಯಾರೆಟ್ ಕೊಡಬಹುದಾ, ಐದು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಕೊನೆಗೆ ‘ಅಕ್ಕಾ, ಇಲ್ಲಿ ಮಾತಾಡಲು ಒಬ್ಬರೂ ಇಲ್ಲ’ ಅಂತಲೂ ಬರೆದಿದ್ದೀರಿ. ಎಲ್ಲಕ್ಕೂ ಸೇರಿಸಿಯೇ ಉತ್ತರ ಬರೆಯುತ್ತೇನೆ. ನಿಮ್ಮ ಪಕ್ಕದ ಹೋಮ್ಸ್ ಕೌಂಟಿಯಲ್ಲಿ ನಾನು ನೆಲೆ ನಿಂತು ತುಂಬಾ ವರ್ಷವಾಯಿತು. ನನಗೆ ಇಲ್ಲಿನ ಜನರ ಪರಿಚಯ ಆದದ್ದೇ ಕುದುರೆಗಳ ದೆಸೆಯಿಂದ.

ಹತ್ತಿರ ಹೋಗಬಹುದು. ಆದರೆ ಮೊದಲು ಮನೆಯವರನ್ನು ಕೇಳಿ, ಆಮೇಲೆ ಕುದುರೆ. ಕೇಳದೆ ಏನನ್ನೂ ತಿನ್ನಿಸಬೇಡಿ, ಒಂದು ತುಂಡು ಕ್ಯಾರೆಟ್ ಕೂಡ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಗ್ಗದ್ದು ಹೊಟ್ಟೆ ಸೇರಿದರೆ ವಾಪಸ್ ಬರುವ ದಾರಿಯೇ ಇಲ್ಲ. ಹೊಟ್ಟೆನೋವು ಶುರುವಾದರೆ ಕೆಲವು ಸಲ ಜೀವಕ್ಕೇ ಬರುತ್ತದೆ. ಹೊಸದಾಗಿ ಬಂದವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ ಒಂದಿದೆ. ಅಂಗಳದ ಹುಲ್ಲು ಕತ್ತರಿಸಿ, ಸುಮ್ನೆ ಯಾಕೆ ಹಾಳಾಗಬೇಕು ಅಂತ ಬೇಲಿಯಾಚೆ ಸುರಿಯುತ್ತಾರೆ. ಮೆಷಿನ್‌ನಲ್ಲಿ ಸಣ್ಣಗೆ ಕತ್ತರಿಸಿದ ಹಸಿ ಹುಲ್ಲು ರಾಶಿ ಬಿದ್ದರೆ ಬೇಗ ಹುಳಿಯುತ್ತದೆ. ಅಗಿಯದೆ ಗಬಗಬ ನುಂಗಿದ ಕುದುರೆಗೆ ಹೊಟ್ಟೆ ಉಬ್ಬರಿಸುತ್ತದೆ, ಗೊರಸಿನ ಒಳಭಾಗ ಬಾತು ಕುಂಟುವುದೂ ಉಂಟು. ಕೆಂಪು ಮೇಪಲ್ ಮರದ ಬಾಡಿದ ಎಲೆ ಇನ್ನೂ ಅಪಾಯ. ಅದು ರಕ್ತವನ್ನೇ ಕೆಡಿಸುತ್ತದೆ. ಈ ಕಡೆ ಆ ಮರ ಎಲ್ಲೆಲ್ಲೂ ಇದೆ, ಶರತ್ಕಾಲದಲ್ಲಿ ಎಲೆ ಗುಡಿಸುವಾಗ ನೆನಪಿಟ್ಟುಕೊಳ್ಳಿ. ಮನೆ ಮುಂದೆ ಅಂದಕ್ಕೆ ಬೆಳೆಸುವ ಯೂ ಪೊದೆಯಂತೂ ಒಂದೆರಡು ಬಾಯಿ ತಿಂದರೂ ಸಾವು ತರಬಹುದು. ಕತ್ತರಿಸಿದ ಕೊಂಬೆಗಳನ್ನು ಬೇಲಿ ಹತ್ತಿರವೂ ಹಾಕಬೇಡಿ.

ಕ್ಯಾರೆಟ್‌ಗೆ ಏನು ತೊಂದರೆ ಅಂತ ಕೇಳಬಹುದು. ನೀವು ಹೇಳಿದ ಬಣ್ಣ ನೋಡಿದರೆ, ಅಂದರೆ ಮೈ ಕಂದುಕೆಂಪು, ಕುತ್ತಿಗೆ ಕೂದಲು ಮತ್ತು ಬಾಲ ಹಾಲುಗೆನೆ ಬಣ್ಣ, ಹಣೆಯಿಂದ ಮೂತಿವರೆಗೆ ಬಿಳಿ ಪಟ್ಟೆ, ಅವು ಬೆಲ್ಜಿಯನ್ ಕುದುರೆಗಳೇ. ಆ ತಳಿಯಲ್ಲಿ ಒಂದು ಸ್ನಾಯುವಿನ ಕಾಯಿಲೆ ತಂದೆತಾಯಿಯಿಂದ ಬರುವುದು ಜಾಸ್ತಿ. ಸಕ್ಕರೆ, ಪಿಷ್ಟದ ಅಂಶ ಹೆಚ್ಚಾದರೆ ಮೈ ಸೆಟೆದುಕೊಳ್ಳುತ್ತದೆ. ಹಳೆಯ ರೈತರಿಗೆ ಇದೇ ಬಗೆಯ ಇನ್ನೊಂದು ತೊಂದರೆ ಮೊದಲಿಂದ ಗೊತ್ತಿತ್ತು. ವಾರವೆಲ್ಲ ದುಡಿದ ಕುದುರೆಗೆ ಭಾನುವಾರ ರಜೆ, ಆದರೆ ಕಾಳಿನ ಪಾಲು ಮಾತ್ರ ಕೆಲಸದ ದಿನದಷ್ಟೇ. ಸೋಮವಾರ ಬೆಳಗ್ಗೆ ಹೂಡಿದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂಗಾಲು ಸೆಟೆದು ನಿಂತುಬಿಡುತ್ತಿತ್ತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಸೋಮವಾರದ ಕಾಯಿಲೆ ಅಂತಲೇ ಅದಕ್ಕೆ ಹೆಸರು. ಅದಕ್ಕೇ ರಜೆಯ ದಿನ ಕಾಳು ಕಡಿಮೆ ಮಾಡಿ ಒಣಹುಲ್ಲು ಹಾಕುತ್ತಾರೆ. ಯಾವ ಕುದುರೆಗೆ ಎಷ್ಟು, ಯಾವಾಗ ಅನ್ನುವ ಲೆಕ್ಕ ಆ ಮನೆಯವರ ತಲೆಯಲ್ಲಿ ಇರುತ್ತದೆ. ನಾವು ಬೇಲಿಯಿಂದ ಕೈ ಚಾಚಿ ಕೊಟ್ಟದ್ದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನು ಕೇಳುವುದು ಹೇಗೆ? ಇಲ್ಲಿಯೇ ನಿಮ್ಮ ಕೊನೆಯ ಮಾತಿಗೂ ಉತ್ತರ ಇದೆ.

ಹಾಲು ಕರೆಯುವ ಹೊತ್ತಿನಲ್ಲಿ ಹೋಗಬೇಡಿ, ಅಂದರೆ ಬೆಳಗಿನ ಜಾವ ಮತ್ತು ಸಂಜೆ ಐದರ ಆಸುಪಾಸು. ಭಾನುವಾರ ಬೇಡವೇ ಬೇಡ. ಅವರಿಗೆ ಎರಡು ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲೇ ಪ್ರಾರ್ಥನೆ ಇರುತ್ತದೆ, ಪ್ರಾರ್ಥನೆ ಇಲ್ಲದ ಭಾನುವಾರವೂ ನೆಂಟರಿಷ್ಟರಿಗೆ ಮೀಸಲು. ಕುದುರೆ ಹೂಡುತ್ತಿರುವಾಗ ಮಾತಿಗೆ ಎಳೆಯಬೇಡಿ. ಹೊಲದಿಂದ ಬಂದು, ಹಾರ್ನೆಸ್ (ಎಳೆಯಲು ಮೈಗೆ ಕಟ್ಟುವ ಪಟ್ಟಿಗಳ ಸಜ್ಜು) ಬಿಚ್ಚಿ, ನೀರು ಕುಡಿಸಿ ಮುಗಿಯುವ ಹೊತ್ತು ಒಳ್ಳೆಯದು. ಅವರಿಗೂ ಉಸಿರಾಡಲು ಪುರುಸೊತ್ತು ಇರುತ್ತದೆ. ಕೊಟ್ಟಿಗೆಯ ಮುಂದೆ, ಅವರಿಗೆ ಕಾಣುವ ಕಡೆ ನಿಂತು ಕಾಯಿರಿ. ಅವರೇ ತಲೆ ಎತ್ತಿ ನೋಡುತ್ತಾರೆ. ‘ಪಕ್ಕದ ಮನೆಗೆ ಬಂದಿದ್ದೇವೆ, ನಿಮ್ಮ ಕುದುರೆಗಳು ತುಂಬಾ ಚೆನ್ನಾಗಿವೆ, ಹತ್ತಿರದಿಂದ ನೋಡಬಹುದಾ’ ಅಂತ ಕೇಳಿದರೆ ಸಾಕು. ಅವರು ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯಾ ಡಚ್, ಅದು ಜರ್ಮನ್‌ನ ಒಂದು ಆಡುಭಾಷೆ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಶಾಲೆಗೆ ಇನ್ನೂ ಹೋಗದ ಮಕ್ಕಳಿಗೆ ಅಷ್ಟಾಗಿ ಬರುವುದಿಲ್ಲ. ಮಕ್ಕಳು ಉತ್ತರ ಕೊಡದೆ ನಿಂತರೆ ನಾಚಿಕೆ ಅಂತಲೂ ಅಲ್ಲ, ಅಸಡ್ಡೆ ಅಂತಲೂ ಅಲ್ಲ. ಫೋನ್ ಜೇಬಿನಲ್ಲೇ ಇರಲಿ. ತಮ್ಮ ಫೋಟೊ ತೆಗೆಯುವುದನ್ನು ಅವರು ಇಷ್ಟಪಡುವುದಿಲ್ಲ. ಕುದುರೆಯ ಫೋಟೊ ಬೇಕಿದ್ದರೂ ಕೇಳಿಯೇ ತೆಗೆಯಿರಿ.

ಮೊದಲ ದಿನವೇ ದೊಡ್ಡ ಮಾತುಕತೆ ನಡೆಯುತ್ತದೆ ಅಂದುಕೊಳ್ಳಬೇಡಿ. ಈ ಕಡೆಯ ಜನ ನಿಧಾನ. ರಸ್ತೆಯಲ್ಲಿ ಎದುರಾದಾಗ ಕೈ ಎತ್ತುತ್ತಾರೆ, ನೀವೂ ಎತ್ತಿ. ಕೆಲವು ವಾರ ಅಷ್ಟೇ. ಆಮೇಲೆ ಒಂದು ದಿನ ಕುದುರೆಯ ಬಗ್ಗೆ ಏನಾದರೂ ಕೇಳಿ. ಯಾವುದು ಯಾವುದಕ್ಕೆ ಜೋಡಿ, ಯಾವುದರ ವಯಸ್ಸೆಷ್ಟು, ಈ ಹೆಣ್ಣು ಕುದುರೆಗೆ ಮರಿ ಆಗಿದೆಯಾ ಅಂತ. ಹವಾಮಾನದ ಮಾತಿಗೆ ಎರಡೇ ಪದದಲ್ಲಿ ಉತ್ತರ ಕೊಡುವ ಮನುಷ್ಯ ಇದಕ್ಕೆ ಬೇಲಿಗೆ ಒರಗಿ ನಿಂತು ಅರ್ಧ ಗಂಟೆ ಮಾತಾಡಿದ್ದನ್ನು ನಾನು ನೋಡಿದ್ದೇನೆ. ನನ್ನ ಪಕ್ಕದ ಮನೆಯ ಹಿರಿಯರು ನನಗೆ ಮೊದಲು ಕೊಟ್ಟ ಕೆಲಸ ಗೇಟು ಹಿಡಿದು ನಿಲ್ಲುವುದು. ಆಮೇಲೆ ಬ್ರಷ್ ಕೈಗೆ ಬಂತು. ಚಳಿಗಾಲದಲ್ಲಿ ನಮ್ಮ ಕಾರು ಹಿಮದಲ್ಲಿ ಹೂತಾಗ ನಾವು ಕರೆಯುವ ಮೊದಲೇ ಅವರು ಜೋಡಿ ಕುದುರೆ ಹೂಡಿಕೊಂಡು ಬಂದರು.

ಕುದುರೆಯ ಹತ್ತಿರ ನಿಲ್ಲುವ ರೀತಿ ಹೇಳುತ್ತೇನೆ. ಬೆಲ್ಜಿಯನ್ ಕುದುರೆ ಅಂದರೆ ಸುಮಾರು 800ರಿಂದ 1000 ಕಿಲೋ ತೂಕ. ಹೆಗಲಿನ ಎತ್ತರವೇ 5 ಅಡಿ 8 ಇಂಚಿನ ಆಸುಪಾಸು, ತಲೆ ಎತ್ತಿದರೆ ಇನ್ನೂ ಮೇಲೆ. ಸಿಟ್ಟಿನಿಂದ ಏನೂ ಮಾಡದಿದ್ದರೂ ಸುಮ್ನೆ ಕಾಲು ಬದಲಿಸಿದಾಗ ನಮ್ಮ ಪಾದ ಅಡಿಯಲ್ಲಿದ್ದರೆ ಮುಗಿಯಿತು. ಚಪ್ಪಲಿಯಲ್ಲಿ ಹೋಗಬೇಡಿ, ಗಟ್ಟಿ ಶೂ ಇರಲಿ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಆದರೆ ನೇರ ಹಿಂದೆ ಮತ್ತು ಹಣೆಯ ಮುಂದೆ ತೀರಾ ಹತ್ತಿರ ಕಾಣುವುದಿಲ್ಲ. ಅದಕ್ಕೇ ಹೆಗಲಿನ ಕಡೆಯಿಂದ, ಮಾತಾಡುತ್ತಾ ಹೋಗಬೇಕು. ಕನ್ನಡದಲ್ಲೇ ಮಾತಾಡಿ, ದನಿ ಮೆತ್ತಗಿದ್ದರೆ ಸಾಕು. ಕೈಯನ್ನು ನೇರ ಮೂಗಿಗೆ ಒಡ್ಡುವ ಬದಲು ಕುತ್ತಿಗೆಯ ಬುಡದಲ್ಲಿ ಇಡಿ. ಕಿವಿ ನಿಮ್ಮ ಕಡೆ ತಿರುಗಿದರೆ ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥ. ಎರಡೂ ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿಸಿಕೊಂಡರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಹಿಂಗಾಲು ಒಂದನ್ನು ಸಡಿಲ ಬಿಟ್ಟು, ಕೆಳತುಟಿ ಜೋತುಬಿದ್ದಿದ್ದರೆ ಅದು ನಿಂತಲ್ಲೇ ತೂಕಡಿಸುತ್ತಿದೆ. ಆಗ ಎಬ್ಬಿಸಬೇಡಿ. ಬೇಲಿಯಲ್ಲಿ ಬಿಳಿ ಪಟ್ಟಿ ಅಥವಾ ತಂತಿ ಕಂಡರೆ ಕರೆಂಟ್ ಇರುತ್ತದೆ ಅಂತಲೇ ತಿಳಿಯಿರಿ. ಓಹಾಯೊ ಕಾನೂನು ಕುದುರೆಯ ಸಹಜ ಸ್ವಭಾವದಿಂದ ಆಗುವ ಪೆಟ್ಟಿಗೆ ಹೆಚ್ಚಾಗಿ ಮಾಲೀಕರನ್ನು ಹೊಣೆ ಮಾಡುವುದಿಲ್ಲ. ಹುಷಾರಾಗಿರುವುದು ನಮ್ಮ ಪಾಲಿನದು.

ಅವಕಾಶ ಸಿಕ್ಕರೆ ಒಮ್ಮೆ ಹೂಡುವುದನ್ನು ಪೂರ್ತಿ ನೋಡಿ. ನನಗೆ ಇದರಲ್ಲಿ ಬೇಸರವೇ ಬರುವುದಿಲ್ಲ. ಮೊದಲು ಕಾಲರ್ ಕುತ್ತಿಗೆಗೆ. ಇಡೀ ಎಳೆತದ ಭಾರ ಬೀಳುವುದು ಅದರ ಮೇಲೆ. ಹಾಗಾಗಿ ಕೆಳಗಡೆ ಗಂಟಲಿಗೂ ಕಾಲರ್‌ಗೂ ನಡುವೆ ಅಂಗೈ ಚಪ್ಪಟೆಯಾಗಿ ತೂರಿಸಿ ನೋಡುತ್ತಾರೆ. ಅಂಗೈ ಹೋಗದಿದ್ದರೆ ಉಸಿರು ಕಟ್ಟುತ್ತದೆ, ಜಾಸ್ತಿ ಸಡಿಲವಾದರೆ ಹೆಗಲು ಉಜ್ಜಿ ಹುಣ್ಣಾಗುತ್ತದೆ. ಬೇಸಿಗೆಯ ಕೆಲಸದಲ್ಲಿ ಕುದುರೆಯ ಮೈ ಇಳಿದರೆ ಅದೇ ಕಾಲರ್ ದೊಡ್ಡದಾಗಿಬಿಡುತ್ತದೆ, ಆಗ ಒಳಗೆ ಮೆತ್ತೆ ಸೇರಿಸುತ್ತಾರೆ. ಆಮೇಲೆ ಹಾರ್ನೆಸ್ ಎತ್ತಿ ಬೆನ್ನ ಮೇಲೆ ಹಾಕಿ, ಪಟ್ಟಿಗಳನ್ನು ಒಂದೊಂದಾಗಿ ಬಿಗಿಯುತ್ತಾರೆ. ಕಣ್ಣಿನ ಪಕ್ಕಕ್ಕೆ ಮರೆ ಇರುವ ಕಡಿವಾಣ ಕೊನೆಗೆ. ನಮ್ಮ ಜೋಡೆತ್ತಿಗೆ ಎಡ, ಬಲ ಅಂತ ಇರುವ ಹಾಗೆಯೇ ಇವಕ್ಕೂ ಜಾಗ ಗೊತ್ತು. ನಮ್ಮ ನೆರೆಯವರ ಡಾಲಿ ಎಡಗಡೆಯವಳು. ಕೊಟ್ಟಿಗೆ ಬಾಗಿಲು ತೆಗೆದರೆ ಯಾರೂ ಹಿಡಿಯದೆ ಗಾಡಿಯ ಮೂಕಿ ಕಂಬದ ಎಡಕ್ಕೆ ಹೋಗಿ ನಿಂತುಕೊಳ್ಳುತ್ತಾಳೆ. ಅವಳ ಜೋಡಿ ಡ್ಯೂಕ್ ಇನ್ನೂ ಹುಡುಗ, ಅವನನ್ನು ಕರೆದು ತರಬೇಕು. ಬಲಕ್ಕೆ ‘ಗೀ’, ಎಡಕ್ಕೆ ‘ಹಾ’, ನಿಲ್ಲಲು ‘ವೋ’. ಲಗಾಮು ಕೈಯಲ್ಲಿದ್ದರೂ ಅದನ್ನು ಎಳೆಯುವುದು ಅಪರೂಪ. ಡಾಲಿಗೆ ಮಾತು ಮುಗಿಯುವ ಮೊದಲೇ ಅರ್ಥವಾಗಿರುತ್ತದೆ. ಉಳುವಾಗ ಬಲಗಡೆಯ ಕುದುರೆ ಹಿಂದಿನ ಸಾಲಿನೊಳಗೇ ನಡೆಯುತ್ತದೆ, ಎಡಗಡೆಯದ್ದು ಉಳದ ನೆಲದ ಮೇಲೆ. ನಡೆದು ಹಿಡಿಯುವ ಒಂಟಿ ನೇಗಿಲಿಗೆ ಒಂದು ಜೋಡಿ ಕಟ್ಟಿದರೆ ದಿನಕ್ಕೆ ಒಂದೂವರೆ, ಎರಡು ಎಕರೆ ಆಗುತ್ತದೆ. ಟ್ರ್ಯಾಕ್ಟರ್ ಕಂಡವರಿಗೆ ಇದು ಕಡಿಮೆ ಅನ್ನಿಸಬಹುದು. ಈ ದೇಶದ ಹೊಲಗಳಲ್ಲಿ 1915ರ ಸುಮಾರಿಗೆ ಕುದುರೆ, ಹೇಸರಗತ್ತೆ ಸೇರಿ 2 ಕೋಟಿ 60 ಲಕ್ಷದಷ್ಟಿದ್ದವು. 1960ರ ಹೊತ್ತಿಗೆ ಸುಮಾರು 30 ಲಕ್ಷಕ್ಕೆ ಇಳಿದವು. ಭಾರ ಎಳೆಯುವ ತಳಿಗಳು ಇಲ್ಲಿ ಉಳಿದುಕೊಂಡದ್ದರಲ್ಲಿ ನಿಮ್ಮ ನೆರೆಯವರಂಥ ರೈತರ ಪಾಲು ದೊಡ್ಡದು. ಅದನ್ನು ಅವರ ಮುಂದೆ ಹೇಳಿದರೆ ಸಂಕೋಚಪಡುತ್ತಾರೆ, ಆದರೂ ನಾನು ಹೇಳುತ್ತೇನೆ.

ರಸ್ತೆಯಲ್ಲಿ ಕಪ್ಪು ಬಗ್ಗಿ ಎಳೆಯುವ ಸಣ್ಣ ಕುದುರೆಗಳು ಬೇರೆ ತಳಿ, ಸ್ಟ್ಯಾಂಡರ್ಡ್‌ಬ್ರೆಡ್. ಓಟಕ್ಕೆ ಬೆಳೆಸಿದವು. ಬಗ್ಗಿಯ ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ ಕಂಡ ತಕ್ಷಣ ಕಾರಿನ ವೇಗ ಇಳಿಸಿ. ಗುಡ್ಡ ಹತ್ತುವಾಗ, ತಿರುವಿನಲ್ಲಿ ಹಿಂದಿಕ್ಕಬೇಡಿ. ಹಾರ್ನ್ ಹೊಡೆಯಲೇಬೇಡಿ. ಹೊಸದಾಗಿ ಇಲ್ಲಿ ಕಾರು ಓಡಿಸುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ.

ಹಿತ್ತಲಲ್ಲಿ ತರಕಾರಿ ಹಾಕುವ ಆಸೆ ಇದೆ ಅಂದಿರಲ್ಲ, ಲದ್ದಿ ಕೇಳಿ. ಸಂತೋಷದಿಂದ ಕೊಡುತ್ತಾರೆ, ಗಾಡಿಯಲ್ಲಿ ತಂದು ಸುರಿದರೂ ಆಶ್ಚರ್ಯವಿಲ್ಲ. ಹಸಿಯಾಗಿ ಹಾಕಿದರೆ ಮಣ್ಣಿಗೆ ತಾಗುವ ತರಕಾರಿ ಕೊಯ್ಯಲು 120 ದಿನ ಬಿಡಬೇಕು ಅನ್ನುವುದು ಇಲ್ಲಿನ ಸಾವಯವ ನಿಯಮ. ನೀವು ಮಾರುವವರಲ್ಲ, ಆದರೂ ಅದನ್ನೇ ಪಾಲಿಸಿ. ಈಗಲೇ ರಾಶಿ ಹಾಕಿ ಕೊಳೆಯಲು ಬಿಟ್ಟರೆ ವಸಂತಕ್ಕೆ ಒಳ್ಳೆಯ ಗೊಬ್ಬರ. ಒಂದು ಮಾತು ಕೇಳಿಕೊಳ್ಳಿ, ಹುಲ್ಲಿಗೆ ಕಳೆನಾಶಕ ಹೊಡೆದಿದ್ದಾರಾ ಅಂತ. ಕೆಲವು ಔಷಧಿಗಳು ಕುದುರೆಯ ಹೊಟ್ಟೆ ದಾಟಿ ಲದ್ದಿಯಲ್ಲೂ ಉಳಿದು ಟೊಮೆಟೊ, ಹುರುಳಿಕಾಯಿ ಗಿಡಗಳನ್ನು ಮುರುಟಿಸುತ್ತವೆ.

ಮಗನ ವಿಷಯ. ಕರೆದುಕೊಂಡು ಹೋಗಿ, ಆದರೆ ಮೊದಲ ಸಲ ಬೇಲಿಯ ಈಚೆಯೇ ನಿಲ್ಲಲಿ. ಓಡಬಾರದು, ಕಿರುಚಬಾರದು, ಕುದುರೆಯ ಹಿಂದೆ ಸುಳಿಯಬಾರದು ಅಂತ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಅವರು ಕೊಡಬಹುದು ಅಂದರೆ ಮಾತ್ರ ತಿನ್ನಿಸುವುದು, ಅದೂ ಬೆರಳು ಚಾಚಿ ಹೆಬ್ಬೆರಳನ್ನು ಪಕ್ಕಕ್ಕೆ ಸೇರಿಸಿ, ಅಂಗೈ ತಟ್ಟೆಯಷ್ಟು ಚಪ್ಪಟೆ ಮಾಡಿ. ಕುದುರೆಗೆ ತನ್ನ ಬಾಯಿಯ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ತುಟಿಯಿಂದ, ಮೂತಿಯ ಗಡಸು ಮೀಸೆಯಿಂದ ಹುಡುಕುತ್ತದೆ. ಮಡಚಿದ ಬೆರಳಿಗೂ ಕ್ಯಾರೆಟ್‌ಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಆ ಮೂತಿ ಅಂಗೈಗೆ ತಾಗಿದಾಗ ಬಿಸಿ ಉಸಿರು ಬರುತ್ತದೆ, ಮಕ್ಕಳು ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ. ಕೆಳಗಿನಿಂದ ನಿಮ್ಮ ಕೈ ಆಸರೆ ಕೊಡಿ, ಸರಿಹೋಗುತ್ತದೆ.

ಈ ಶನಿವಾರ ಮಧ್ಯಾಹ್ನ ಹೋಗಿ ಬನ್ನಿ. ಮೆಕ್ಕೆಜೋಳದ ಕೊಯ್ಲು ನಡೆಯುತ್ತಿದ್ದರೆ ಅವರಿಗೆ ಕೆಲಸ ಜಾಸ್ತಿ, ಹೆಸರು ಹೇಳಿ ಪರಿಚಯ ಮಾಡಿಕೊಂಡು ಬಂದರೂ ಸಾಕು. ಕುದುರೆಗಳ ಹೆಸರು ಕೇಳಿ ತಿಳಿದುಕೊಂಡು ನನಗೂ ಬರೆಯಿರಿ. ಹೆಸರು ಗೊತ್ತಾದರೆ, ಅವು ಯಾವಾಗಲಾದರೂ ಬೇಲಿ ದಾಟಿ ನಿಮ್ಮ ಅಂಗಳಕ್ಕೆ ಬಂದಾಗ ಬೇಕಾಗುತ್ತದೆ. ಆಗ ಅಟ್ಟಿಸಬೇಡಿ, ರಸ್ತೆಯ ಕಡೆ ನೀವು ನಿಂತು, ಒಬ್ಬರನ್ನು ಆ ಮನೆಗೆ ಓಡಿಸಿ.