ಬಾರ್ಬರೊ ಮನೆತನದ ಹೊಲಮನೆ

ಪ್ರಶ್ನೆ: ವಿಜಯಪುರದ ಹೊಸ ಬಡಾವಣೆಗಳಲ್ಲಿ ಎರಡಂತಸ್ತಿನ ಮನೆಗಳಿಗೆಲ್ಲ ‘ವಿಲ್ಲಾ’ ಎಂದು ಹೆಸರಿಡುತ್ತಿದ್ದಾರೆ. ಇಟಲಿಯ ‘ವಿಲ್ಲಾ ಬಾರ್ಬರೊ’ದ ಚಿತ್ರವನ್ನು ಕ್ಯಾಲೆಂಡರೊಂದರಲ್ಲಿ ನೋಡಿದೆ, ಅದು ಅರಮನೆಯಂತಿದೆ. ಅದನ್ನು ಕಟ್ಟಿಸಿದವರು ಯಾರು? ನಮ್ಮ ಕಡೆಯ ದೇಸಾಯರ ವಾಡೆಗಳಿಗೂ ಅದಕ್ಕೂ ಹೋಲಿಕೆ ಉಂಟೇ?
– ಓದುಗರೊಬ್ಬರು, ಸಿಂದಗಿ

ಉತ್ತರ: ಹೋಲಿಕೆ ಖಂಡಿತ ಉಂಟು, ತಮಗೆ ವಾಡೆಯ ನೆನಪಾದದ್ದು ಸಹಜವೇ ಆಗಿದೆ. ಇಟಲಿಯಲ್ಲಿ ವಿಲ್ಲಾ ಎಂದರೆ ಮೂಲದಲ್ಲಿ ಒಕ್ಕಲುತನದ ಮನೆ. ಒಡೆಯರ ಪಡಸಾಲೆ, ಕಾಳಿನ ಕಣಜ, ದನದ ಕೊಟ್ಟಿಗೆ, ದ್ರಾಕ್ಷಾರಸದ ಉಗ್ರಾಣ ಎಲ್ಲವೂ ಒಂದೇ ಆವರಣದಲ್ಲಿ ಇರುತ್ತಿದ್ದವು.

ಬಾರ್ಬರೊಗಳು ವೆನಿಸ್ ಗಣರಾಜ್ಯದ ಹಳೆಯ ಶ್ರೀಮಂತ ಮನೆತನದವರು. 15ನೆಯ ಶತಮಾನದಲ್ಲಿ ಈ ಮನೆತನದ ಜೊಸಾಫಾತ್ ಬಾರ್ಬರೊ ವೆನಿಸ್ಸಿನ ರಾಯಭಾರಿಯಾಗಿ ಪರ್ಶಿಯಾದವರೆಗೆ ಹೋಗಿಬಂದಿದ್ದನು. ಸಮುದ್ರವನ್ನೇ ನಂಬಿ ಬದುಕಿದ ಇಂಥವರು ಹೊಲದ ಕಡೆಗೆ ತಿರುಗಿದ್ದರಲ್ಲಿ ನಮ್ಮ ನಾಡಿನ ಪಾಲೂ ಸ್ವಲ್ಪವಿದೆ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ನೇರವಾದ ಸಮುದ್ರಮಾರ್ಗ ಕಂಡುಕೊಂಡ ಮೇಲೆ ಕರಿಮೆಣಸಿನ ವ್ಯಾಪಾರದ ಮೇಲೆ ವೆನಿಸ್ಸಿಗಿದ್ದ ಹಿಡಿತ ಮೊದಲಿನಷ್ಟು ಭದ್ರವಾಗಿ ಉಳಿಯಲಿಲ್ಲ. ಪೂರ್ವದ ಬಂದರುಗಳಲ್ಲಿ ತುರ್ಕರ ಬಲವೂ ಬೆಳೆಯುತ್ತಿತ್ತು. ಆದ್ದರಿಂದ ಶ್ರೀಮಂತರು ಒಳನಾಡಿನ ಭೂಮಿಗೆ ಹಣ ಹಾಕತೊಡಗಿದರು. ಬೀಳುಭೂಮಿಯನ್ನು ಸಾಗುವಳಿಗೆ ತರಲೆಂದು ಸರಕಾರವೇ 1556ರಲ್ಲಿ ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿತು.

ತಾವು ಚಿತ್ರದಲ್ಲಿ ಕಂಡ ಮನೆ ತ್ರೆವೀಜೊ ಪ್ರಾಂತದ ಮಾಸೇರ್ ಎಂಬ ಊರಿನಲ್ಲಿದೆ. 1550ರ ದಶಕದಲ್ಲಿ ಇದನ್ನು ಕಟ್ಟಿಸಿದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ದಾನಿಯೆಲೆ ಚರ್ಚಿನ ಉನ್ನತ ಪದವಿಯವನು, ದೊಡ್ಡ ವಿದ್ವಾಂಸ. ಪ್ರಾಚೀನ ರೋಮಿನ ವಿತ್ರುವಿಯಸ್ ಬರೆದ ವಾಸ್ತುಗ್ರಂಥವನ್ನು ಅನುವಾದಿಸಿ 1556ರಲ್ಲಿ ಪ್ರಕಟಿಸಿದನು. ಅದಕ್ಕೆ ಚಿತ್ರ ಬರೆದುಕೊಟ್ಟ ಅಂದ್ರೆಯಾ ಪಲ್ಲಾದಿಯೊನೇ ಈ ಮನೆಯ ಶಿಲ್ಪಿ. ತಮ್ಮ ಮಾರ್ಕಾಂತೋನಿಯೊ ರಾಜತಂತ್ರಜ್ಞ. ಮುಂದೆ ಅವನು ಇಸ್ತಾಂಬುಲಿನಲ್ಲಿ ವೆನಿಸ್ಸಿನ ಪ್ರತಿನಿಧಿಯಾಗಿದ್ದಾಗ ಸೈಪ್ರಸ್ ದ್ವೀಪಕ್ಕಾಗಿ ತುರ್ಕರಿಗೂ ವೆನಿಸ್ಸಿಗೂ ಯುದ್ಧ ಹತ್ತಿತು; ಅವನನ್ನು ಅಲ್ಲಿಯೇ ಕಾವಲಿನಲ್ಲಿ ಇರಿಸಿದರು. ಅಂಥ ಸ್ಥಿತಿಯಲ್ಲಿಯೇ ಅವನು 1573ರ ಸಂಧಿಯನ್ನು ಕುದುರಿಸಿದನು.

ನನ್ನ ಮಟ್ಟಿಗೆ ಈ ಮನೆಯ ಜಾಣತನವೆಲ್ಲ ಅದರ ನೀರಿನ ವ್ಯವಸ್ಥೆಯಲ್ಲಿದೆ. ಮನೆಯ ಹಿಂದೆ ಗುಡ್ಡವನ್ನು ಕಡಿದು ಅಂಗಳ ಮಾಡಿದ್ದಾರೆ. ಅಲ್ಲಿ ಶಿಲ್ಪಗಳಿಂದ ತುಂಬಿದ ಕಮಾನಿನ ಗೋಡೆಯ ನಡುವೆ ಒಂದು ಒರತೆ ಇದೆ. ಪಲ್ಲಾದಿಯೊ ತಾನೇ 1570ರಲ್ಲಿ ವಿವರಿಸಿದಂತೆ, ಆ ನೀರು ಮೊದಲು ಮೀನಿನ ಕೊಳವಾಗಿ ನಿಲ್ಲುತ್ತದೆ. ಅಲ್ಲಿಂದ ಅಡುಗೆಮನೆಗೆ ಬರುತ್ತದೆ. ಆಮೇಲೆ ದಾರಿಯ ಎಡಬಲದ ತೋಟಗಳಿಗೆ ಹರಿದು, ರಸ್ತೆಯ ಬಳಿ ದನಕರು ನೀರು ಕುಡಿಯುವ ತೊಟ್ಟಿಗಳನ್ನು ತುಂಬಿ, ಕೊನೆಗೆ ಹಣ್ಣಿನ ತೋಟ ಸೇರುತ್ತದೆ. ಸಿಂದಗಿಯಿಂದ ವಿಜಯಪುರಕ್ಕೆ ಬರುವಾಗ ತಾವು ಕುಮಟಗಿಯಲ್ಲಿ ಇಳಿದು ಆದಿಲಶಾಹಿಗಳ ಜಲಮಹಲನ್ನು ನೋಡಿರಬಹುದು. ಅಲ್ಲಿಯೂ ನೀರಿನ ಚಮತ್ಕಾರವಿದೆ, ಗೋಡೆಯ ಮೇಲೆ ಚಿತ್ರಗಳಿವೆ. ಆದರೆ ಅದು ಅರಸರ ವಿಹಾರದ ತಾಣ. ಮಾಸೇರಿನ ನೀರಿಗಾದರೋ ವಿಹಾರ ಮುಗಿದ ಮೇಲೆ ಹೊಲದ ಕೆಲಸವಿತ್ತು. ಎರಡೂ ಬದಿಗೆ ಚಾಚಿದ ಕಮಾನುಗಳ ಸಾಲು ಒಕ್ಕಲುತನದ ಕೆಲಸಕ್ಕೆಂದೇ ಇದ್ದದ್ದು. ಅದರ ತುದಿಗಳಲ್ಲಿ ಪಾರಿವಾಳದ ಗೂಡುಗಳನ್ನು ಕಟ್ಟಿಸಿದ್ದರು.

ಒಳಗಿನ ಗೋಡೆಗಳ ಮೇಲೆ ಸುಮಾರು 1560ರಲ್ಲಿ ಪಾವೊಲೊ ವೆರೋನೆಸೆ ಚಿತ್ರ ಬರೆದನು. ದೊಡ್ಡ ಕೋಣೆಯ ಮೇಲ್ಭಾಗದಲ್ಲಿ ದೇವತೆಗಳು ನೆರೆದಿದ್ದಾರೆ. ಅವರ ಕೆಳಗೆ, ಚಿತ್ರದ್ದೇ ಆದ ಕಟಾಂಜನದ ಹಿಂದೆ, ಮಾರ್ಕಾಂತೋನಿಯೊನ ಹೆಂಡತಿ ಜುಸ್ತಿನಿಯಾನಾ ತನ್ನ ಮುದಿ ದಾದಿಯೊಡನೆ ನಿಂತು ನಮ್ಮನ್ನು ನೋಡುತ್ತಾಳೆ. ಜೊತೆಗೆ ಒಂದು ಗಿಳಿ, ಒಂದು ಪುಟ್ಟ ನಾಯಿ. ಇನ್ನೊಂದೆಡೆ ಅರೆತೆರೆದ ಬಾಗಿಲಿನಿಂದ ಚಿಕ್ಕ ಹುಡುಗಿಯೊಬ್ಬಳು ಇಣುಕುತ್ತಾಳೆ. ಆ ಬಾಗಿಲೂ ಬಣ್ಣದ್ದೇ. ಮತ್ತೊಂದು ಮೂಲೆಯಲ್ಲಿ ಯಾರೋ ಈಗಷ್ಟೇ ಬಿಟ್ಟುಹೋದಂತೆ ಒಂದು ಜೊತೆ ಚಪ್ಪಲಿ ಮತ್ತು ಒಂದು ಬ್ರಷ್. ದೇವಲೋಕದ ಕೆಳಗೆ ಇದನ್ನೂ ಬರೆದ ಆ ಕಲಾವಿದನ ಮೇಲೆ ನನಗೆ ಬಹಳ ಪ್ರೀತಿ.

ಮುಂದೆ ಮನೆ ಕೈಯಿಂದ ಕೈಗೆ ಹೋಯಿತು. 1797ರಲ್ಲಿ ನೆಪೋಲಿಯನ್ನನಿಗೆ ಮಣಿದು ಪದವಿ ಬಿಟ್ಟ ವೆನಿಸ್ಸಿನ ಕೊನೆಯ ಅಧಿಪತಿ ಲೂದೊವೀಕೊ ಮಾನಿನ್ ಕೂಡ ಇದರ ಒಡೆಯನಾಗಿದ್ದನು. 1934ರಲ್ಲಿ ಉದ್ಯಮಿ ಜುಸೆಪ್ಪೆ ವೋಲ್ಪಿ ಇದನ್ನು ಕೊಂಡನು. 1996ರಿಂದ ಇದು ಯುನೆಸ್ಕೊ ಪಟ್ಟಿಯಲ್ಲಿದೆ. ಸುತ್ತಲಿನ ದ್ರಾಕ್ಷಿ ತೋಟ ಇಂದಿಗೂ ಬೆಳೆ ಕೊಡುತ್ತಿದೆ. ಮನೆ ನೋಡಲು ಬಂದವರು ನೆಲ ಸವೆಯದಂತೆ ತಮ್ಮ ಬೂಟುಗಳ ಮೇಲೆ ಮೆತ್ತನೆಯ ಉಣ್ಣೆಬಟ್ಟೆಯ ಚಪ್ಪಲಿ ಹಾಕಿಕೊಂಡು ನಡೆಯುತ್ತಾರೆ.