ಅವ್ವ ಸೇಡಂ ಕಡೆ, ಡಾಕ್ಟರ್ ಕಲಬುರಗಿಯಲ್ಲಿ: ಬಿಪಿ ಗುಳಿಗೆಗೆ ವಿಡಿಯೊ ಕಾಲ್ ಸಾಕಾ?

ಪ್ರಶ್ನೆ: ಅವ್ವನಿಗೆ 64 ವರ್ಷ. ಸೇಡಂ ತಾಲೂಕಿನ ಹಳ್ಳಿಯಲ್ಲಿದ್ದಾಳೆ, ನಾನು ಬೆಂಗಳೂರಿನಲ್ಲಿ. ಬಿಪಿಗೆ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ನಡೆದಿದೆ. ಕಲಬುರಗಿಗೆ ಹೋಗಿ ತೋರಿಸಿ ಬರಲು ಒಂದು ದಿನ ಬೇಕು. ವಿಡಿಯೊ ಕಾಲ್‌ನಲ್ಲೇ ನೋಡಿಕೊಳ್ಳಬಹುದಾ? ಬಿಪಿ ನಾರ್ಮಲ್ ಇದೆ ಅಂತ ಅವ್ವ ಗುಳಿಗೆ ಬಿಟ್ಟು ಬಿಟ್ಟು ತಗೋತಾಳೆ. ಪಾದವೂ ಸ್ವಲ್ಪ ಬಾತಿದೆ.

ಉತ್ತರ: ಬಹುತೇಕ ನೋಡಿಕೊಳ್ಳಬಹುದು. ಹಳೇ ಬಿಪಿಗೆ ನಡೆಯುತ್ತಿರುವ ಗುಳಿಗೆಯನ್ನು ಹೀಗೆ ಮುಂದುವರಿಸಿ ಬರೆದುಕೊಡಲು 2020ರ ಟೆಲಿಮೆಡಿಸಿನ್ (ದೂರದಿಂದಲೇ ಫೋನ್, ವಿಡಿಯೊದಲ್ಲಿ ನೋಡುವ ವೈದ್ಯಕೀಯ) ಮಾರ್ಗಸೂಚಿಯಲ್ಲೇ ಅವಕಾಶವಿದೆ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ. ವಿಡಿಯೊದಲ್ಲಿ ಡಾಕ್ಟರಿಗೆ ತೋರಿಸುವ ಸರ್ಕಾರದ ಸೇವೆ ಇ-ಸಂಜೀವನಿಗೆ ದುಡ್ಡು ಕೊಡಬೇಕಿಲ್ಲ.

ಆದರೆ ಆ ಕಡೆ ಕೂತ ಡಾಕ್ಟರಿಗೆ ಅವ್ವನ ತೋಳು ಸಿಗುವುದಿಲ್ಲ, ನೀವು ಹೇಳುವ ನಂಬರಷ್ಟೇ ಸಿಗುತ್ತದೆ. ಅದು ತಪ್ಪಾದರೆ ಗುಳಿಗೆಯೂ ತಪ್ಪುತ್ತದೆ. ನಾನು ವಿಡಿಯೊದಲ್ಲಿ ಜಾಸ್ತಿ ನೋಡುವುದು ಇದನ್ನೇ: ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ, ಬೆನ್ನಿಗೆ ಆಸರೆ ಇಲ್ಲ, ಕುಪ್ಪಸದ ತೋಳಿನ ಮೇಲೇ ಪಟ್ಟಿ ಸುತ್ತಿರುತ್ತಾರೆ, ನಡುವೆ ಮಗನ ಜೊತೆ ಮಾತು ಬೇರೆ. ಬಿಪಿ ಏರದೆ ಇನ್ನೇನಾಗಬೇಕು? ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂರಿಸಿ. ಪಾದ ನೆಲಕ್ಕೆ ತಾಗಿರಲಿ, ಬರಿ ತೋಳಿಗೆ ಪಟ್ಟಿ ಕಟ್ಟಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಟೇಬಲ್ ಮೇಲಿಡಿ. ಐದು ನಿಮಿಷ ಸುಮ್ನೆ ಇರಲಿ. ಚಹಾ, ತಂಬಾಕು ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆಳಿಗ್ಗೆ ಗುಳಿಗೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತೇವೆ. ಮನೆಯಲ್ಲಿ ಅದು 135/85ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಾಕು. ಮಣಿಕಟ್ಟಿನ ಮಷೀನ್ ಬೇಡ, ತೋಳಿನದೇ ಕೊಳ್ಳಿ.

ಗುಳಿಗೆ ಬಿಡುವ ವಿಷಯ. ಗುಳಿಗೆ ತಗೊಂಡಿದ್ದಕ್ಕೇ ಬಿಪಿ ನಾರ್ಮಲ್ ಬಂದಿರೋದು, ಅಲ್ವಾ? ಅದರ ಮೇಲೆ ಆಮ್ಲೋಡಿಪಿನ್ ಮೈಯಿಂದ ನಿಧಾನವಾಗಿ ಹೋಗುತ್ತದೆ. ಒಂದು ದಿನ ಬಿಟ್ಟರೆ ಬಿಪಿ ಅಷ್ಟಾಗಿ ಏರುವುದಿಲ್ಲ. ಅದನ್ನು ನೋಡಿಯೇ "ನನಗೇನಾಗಿಲ್ಲ" ಅನಿಸುವುದು. ಇನ್ನೊಂದು ಅಪಾಯವಿದೆ. ಬಿಟ್ಟಿದ್ದನ್ನು ಹೇಳದಿದ್ದರೆ, ಎರಡು ಗುಳಿಗೆ ಸಾಲುತ್ತಿಲ್ಲ ಅಂತ ಡಾಕ್ಟರು ಮೂರನೆಯದು ಬರೆಯುತ್ತಾರೆ. ಅವ್ವನನ್ನು ಬೈಯಬೇಡಿ. ಬಿಟ್ಟ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಲಿ, ಅದನ್ನೂ ನಮಗೆ ತೋರಿಸಿ.

ನಮ್ಮ ಬೇಸಿಗೆಯ ಬಿಸಿಲಿಗೆ ಬೆವರು ಹರಿದು ಬಿಪಿ ತಾನೇ ಇಳಿಯುವುದುಂಟು. ಎದ್ದ ಕೂಡಲೇ ತಲೆ ತಿರುಗಿದರೆ ನಿಂತಾಗಿನ ಬಿಪಿಯನ್ನೂ ನೋಡಿ ಫೋನ್ ಮಾಡಿ. ನೀವೇ ಗುಳಿಗೆ ಅರ್ಧ ಮಾಡಬೇಡಿ.

ಪಾದ ಬಾತಿರುವುದು ಆಮ್ಲೋಡಿಪಿನ್‌ನಿಂದ ಇರಬಹುದು, ಅದು ಹಾಗೆ ಮಾಡುವುದು ಅಪರೂಪವೇನಲ್ಲ. ಆದರೆ ಹೃದಯ, ಮೂತ್ರಪಿಂಡದ ತೊಂದರೆಯಿಂದಲೂ ಬಾವು ಬರುತ್ತದೆ. ಒತ್ತಿ ನೋಡದೆ, ಎದೆ ಕೇಳದೆ ಹೇಳಲಾಗದು. ಹಾಗಾಗಿ ಈ ಸಲ ಖುದ್ದಾಗಿ ತೋರಿಸಿ. ಟೆಲ್ಮಿಸಾರ್ಟನ್ ಇರುವುದರಿಂದ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಅಂತ ತಿಳಿಸುವುದು), ಪೊಟ್ಯಾಸಿಯಮ್ ರಕ್ತ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಬಿಡಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ವಿಡಿಯೊ ಕಾಲ್‌ಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಮಾತು ಕೇಳಿ ತಿಳಿದುಕೊಳ್ಳಿ: ಮೊಣಕಾಲು ನೋವಿಗೆ ಅವ್ವ ಅಂಗಡಿಯ ಗುಳಿಗೆ ನುಂಗುತ್ತಾರಾ? ಡೈಕ್ಲೋಫೆನಾಕ್‌ನಂಥವು ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟನ್ ಜೊತೆ ಸೇರಿ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಹುದು. ಮುಂದಿನ ಕಾಲ್‌ನಲ್ಲಿ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್ ಹೆಸರು ಕಾಣುವಂತೆ ಕ್ಯಾಮೆರಾ ಮುಂದೆ ಹಿಡಿಯಲಿ.