ಬಸ್ತರಿಗೆ ವರದಿಗೆ ಹೋಗುವವರಿಗೆ ಪೊಲೀಸ್ ಬೆಂಗಾವಲು ಮತ್ತು ಬುಲೆಟ್‌ಪ್ರೂಫ್ ಜಾಕೆಟ್ ಸಾಕೇ?

ಮಾವೋವಾದಿಗಳ ಸಂಘರ್ಷ ಕಂಡ ಛತ್ತೀಸ್‌ಗಢದ ಬಸ್ತರಿಗೆ ಸ್ವಂತ ಖರ್ಚಿನಲ್ಲಿ ವರದಿಗೆ ಹೊರಟಿದ್ದೇನೆ, ಪೊಲೀಸರ ಜೊತೆ ಹೋದರೆ ಭಯವಿಲ್ಲ ತಾನೇ, ಯಾವ ಜಾಕೆಟ್ ಕೊಳ್ಳಲಿ ಎಂದು ಮಂಜೇಶ್ವರದಿಂದ ಕೇಳಿದ್ದೀರಿ. ಕಾಸರಗೋಡಿನಲ್ಲಿ ಜಿಲ್ಲಾ ಪುಟಕ್ಕೆ ಬರೆಯುತ್ತಿದ್ದ ಕಾಲದಲ್ಲಿ ನನ್ನ ಲೆಕ್ಕವೂ ಇದೇ ಆಗಿತ್ತು. ಆ ಲೆಕ್ಕದ ಬುಡವೇ ತಪ್ಪು. ಅಲ್ಲಿ ಬೆಂಗಾವಲೇ ಪತ್ರಕರ್ತರ ಪ್ರಾಣಕ್ಕೆ ಕುತ್ತಾಗಬಹುದು.

ಅಚ್ಯುತಾನಂದ ಸಾಹು ದೂರದರ್ಶನದ ಕ್ಯಾಮೆರಾಮ್ಯಾನ್. ಛತ್ತೀಸ್‌ಗಢ ವಿಧಾನಸಭಾ ಚುನಾವಣೆಯ ವರದಿಗೆಂದು ದೆಹಲಿಯಿಂದ ಬಂದ ತಂಡದಲ್ಲಿದ್ದರು. 2018ರ ಅಕ್ಟೋಬರ್ 30ರಂದು ದಂತೇವಾಡ ಜಿಲ್ಲೆಯ ಅರನ್‌ಪುರದ ಬಳಿ, ನೀಲವಾಯ ಎಂಬ ಊರಿನ ದಾರಿಯಲ್ಲಿ, ಪೊಲೀಸರ ಬೈಕುಗಳ ಸಾಲಿನ ಮೇಲೆ ಮಾವೋವಾದಿಗಳು ಹೊಂಚುಹಾಕಿ ಗುಂಡು ಹಾರಿಸಿದರು. ಆ ಸಾಲಿನಲ್ಲಿದ್ದ ಸಾಹು ಸತ್ತರು, ಪೊಲೀಸರೂ ಸತ್ತರು. ತಂಡದ ಉಳಿದಿಬ್ಬರು ನೆಲಕ್ಕೆ ಅವಚಿಕೊಂಡು ಮಲಗಿ ಬದುಕಿದರು. ಪತ್ರಕರ್ತರು ನಮ್ಮ ಗುರಿಯಾಗಿರಲಿಲ್ಲ, ಪೊಲೀಸರ ಜೊತೆ ಬರಬೇಡಿ ಎಂದು ಆಮೇಲೆ ಮಾವೋವಾದಿಗಳು ಪತ್ರ ಹೊರಡಿಸಿದರು. ಪೊಲೀಸರು ಅದನ್ನು ಒಪ್ಪಲಿಲ್ಲ. ಪತ್ರ ನಿಜವೋ ಸುಳ್ಳೋ, ಹೋದ ಜೀವ ಹೋಯಿತು.

ಇಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಎಚ್ಚರಿಕೆ ಇದರ ಮೇಲೆ ನಿಂತಿದೆ. ಪೊದೆಯ ಹಿಂದೆ ಕೂತವನಿಗೆ ಕಾಣುವುದು ನಿಮ್ಮ ಮುಖವಲ್ಲ, ಬೈಕುಗಳ ಸಾಲು. ಬೆನ್ನಿಗೆ ಕಟ್ಟಿದ ಟ್ರೈಪಾಡ್ ದೂರದಿಂದ ಬಂದೂಕಿನ ಹಾಗೆಯೇ ಕಾಣುತ್ತದೆ. ತಂತಿ ಎಳೆದು ಸಿಡಿಸುವ ನೆಲಬಾಂಬಿಗಂತೂ ವಾಹನವೇ ಗುರಿ, ಒಳಗೆ ಯಾರಿದ್ದಾರೆಂದು ಯಾರೂ ನೋಡುವುದಿಲ್ಲ. 2023ರ ಏಪ್ರಿಲ್ 26ರಂದು ಇದೇ ಅರನ್‌ಪುರದಲ್ಲಿ ಹತ್ತು ಮಂದಿ ಜಿಲ್ಲಾ ಮೀಸಲು ಪೊಲೀಸ್ ಪಡೆಯ, ಅಂದರೆ ಡಿಆರ್‌ಜಿ ಸಿಬ್ಬಂದಿಯ ಜೊತೆ ಸತ್ತ ಹನ್ನೊಂದನೆಯವರು ವಾಹನದ ಚಾಲಕ, ಪೊಲೀಸರಲ್ಲ. ಹೋದ ದಾರಿಯಲ್ಲೇ ಮರಳುವುದು ಇನ್ನೊಂದು ಅಪಾಯ. ನೀವು ಒಳಗೆ ಹೋದದ್ದು ಗೊತ್ತಾದ ಮೇಲೆ ಮರಳುವಷ್ಟರಲ್ಲಿ ಹೊಂಚುಹಾಕಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಆದ್ದರಿಂದ ಪೊಲೀಸರ ಮಾತು ಬೇಕಿದ್ದರೆ ದಂತೇವಾಡ, ಸುಕ್ಮಾ, ಬಿಜಾಪುರದ (ಕರ್ನಾಟಕದ್ದಲ್ಲ, ಅಲ್ಲಿನದು) ಜಿಲ್ಲಾ ಕಚೇರಿಯಲ್ಲೇ ಮಾತಾಡಿ. ಹಳ್ಳಿಗೆ ಬೇರೆ ದಿನ, ಬೇರೆಯಾಗಿ ಹೋಗಿ. ಬಸ್ಸು ತಪ್ಪಿದರೂ ಪೊಲೀಸ್ ಬೈಕಿನ ಹಿಂದೆ ಕೂರಬೇಡಿ. ದಾರಿಯಲ್ಲಿ ಗಸ್ತು ಎದುರಾದರೆ ನಿಂತು, ಅವರು ಕಣ್ಮರೆಯಾಗುವವರೆಗೆ ಕಾಯಿರಿ. ಹಸಿರು, ಖಾಕಿ, ಸೈನಿಕರ ಚಿತ್ತಾರದ ಪ್ಯಾಂಟು ಯಾವುದೂ ಬೇಡ. ಕಾಲುದಾರಿಯಲ್ಲಿ ಊರಿನವರು ದಿನಾ ತುಳಿಯುವ ಜಾಡು ಬಿಟ್ಟು ಮೂತ್ರಕ್ಕೂ ಪಕ್ಕಕ್ಕೆ ಸರಿಯಬೇಡಿ. ಮಾವೋವಾದಿಗಳ ಬಲ ಈಗ ಬಹಳ ಕುಗ್ಗಿದೆ, ನಿಜ. ಹೂತಿಟ್ಟ ಬಾಂಬು ನೆಲದಡಿ ಹಾಗೇ ಉಂಟು.

ಜೊತೆಗೆ ಬರಬೇಕಾದವರು ಅಲ್ಲಿನ ಸ್ಥಳೀಯ ವರದಿಗಾರರು. ಕನ್ನಡ, ಮಲಯಾಳ, ತುಳು ಒಂದೇ ಬೀದಿಯಲ್ಲಿ ಆಡುವ ನಮಗೆ ಭಾಷೆಯದ್ದು ಹೇಗೋ ಆದೀತು ಎಂಬ ಧೈರ್ಯ ಇರುತ್ತದೆ. ಅಲ್ಲಿನ ಗೊಂಡಿ, ಹಲ್ಬಿ ಭಾಷೆ ಹಾಗೆಲ್ಲ ಆಗುವುದಿಲ್ಲ. ಆದರೆ ನೀವು ಕಾಸರಗೋಡಿಗೆ ರೈಲು ಹತ್ತಿದ ಮೇಲೂ ಅವರು ಅಲ್ಲೇ ಇರುತ್ತಾರೆ. 2013ರ ಫೆಬ್ರವರಿಯಲ್ಲಿ ಸುಕ್ಮಾದ ನೇಮಿಚಂದ್ ಜೈನ್, ಡಿಸೆಂಬರಿನಲ್ಲಿ ಬಾಸಗುಡದ ಸಾಯಿ ರೆಡ್ಡಿ ಮಾವೋವಾದಿಗಳ ಕೈಯಲ್ಲಿ ಸತ್ತರು. ಇಬ್ಬರೂ ಊರಿನ ವರದಿಗಾರರು. ಜೈನ್ ಮೇಲೆ ಹೊರಿಸಿದ್ದು ಪೊಲೀಸ್ ಮಾಹಿತಿದಾರ ಎಂಬ ಆರೋಪ. ಸಾಯಿ ರೆಡ್ಡಿಯವರನ್ನು ಅದಕ್ಕೂ ಮೊದಲು ಪೊಲೀಸರೇ ಮಾವೋವಾದಿಗಳ ಕಡೆಯವರೆಂದು ಜೈಲಿಗೆ ಹಾಕಿದ್ದರು. ಹೀಗೆ ಎರಡೂ ಕಡೆಯ ಅನುಮಾನದ ನಡುವೆ ಬದುಕುವವರನ್ನು ಇನ್ನಷ್ಟು ಸಿಕ್ಕಿಸಬೇಡಿ. ಠಾಣೆಯ ಎದುರು ಅವರ ಜೊತೆ ನಿಂತ ಫೋಟೋ, ಅವರ ಹೆಸರಿನ ಟ್ಯಾಗು, ಅಲ್ಲಿದ್ದಾಗಲೇ ಹಾಕುವ ವಿಡಿಯೊ, ಮೂರೂ ಬೇಡ.

ಜಾಕೆಟ್ ವಿಷಯ ಬೇಗ ಮುಗಿಸುತ್ತೇನೆ. ಮೆತ್ತನೆಯ, ಲೆವೆಲ್ 3ಎ ದರ್ಜೆಯ ಜಾಕೆಟ್ ಪಿಸ್ತೂಲಿನ ಗುಂಡಿಗೆ ಸಾಕು, ಎಕೆ-47ಕ್ಕೆ ಸಾಲದು. ರೈಫಲಿಗೆ ಎದೆಗೂ ಬೆನ್ನಿಗೂ ಗಟ್ಟಿ ಪ್ಲೇಟು ಬೇಕು, ಒಂದೊಂದು ಸುಮಾರು 3 ಕೆ.ಜಿ. ಅದನ್ನು ಹೊತ್ತು ಬಿಸಿಲಲ್ಲಿ ನಡೆದರೂ ಕಾಲಡಿ ಸಿಡಿಯುವುದಕ್ಕೆ ಅದು ಅಡ್ಡಬರುವುದಿಲ್ಲ. ದೂರದಿಂದ ಸಿಪಾಯಿಯ ಹಾಗೆ ಕಾಣುತ್ತೀರಿ, ಅಷ್ಟೆ.

ಆ ದುಡ್ಡಿನಲ್ಲಿ ಒಬ್ಬೊಬ್ಬರಿಗೆ ಎರಡರಂತೆ ಒಳ್ಳೆಯ ಟೂರ್ನಿಕೆಟ್ ಕೊಳ್ಳಿ, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಕಟ್ಟಿ, ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ. ಕಾಲಿನ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ, ಆಸ್ಪತ್ರೆ ಗಂಟೆಗಟ್ಟಲೆ ದೂರ. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ ಕಟ್ಟಿ. ಮಂಡಿ, ಮೊಣಕೈಯ ಗಂಟಿನ ಮೇಲೆ ಬೇಡ. ರಕ್ತ ಪೂರ್ತಿ ನಿಲ್ಲುವವರೆಗೆ ಕಡ್ಡಿ ತಿರುಗಿಸಿ. ಗಾಯಾಳು ನೋವಿಗೆ ಕೂಗುತ್ತಾರೆ, ಆಗ ಕೈ ಸಡಿಲಿಸುವವರೇ ಹೆಚ್ಚು. ಅರ್ಧ ಬಿಗಿದರೆ ಹೃದಯಕ್ಕೆ ಮರಳುವ ರಕ್ತ ಮಾತ್ರ ನಿಂತು, ಹೃದಯದಿಂದ ಬರುವುದು ನಿಲ್ಲದೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ಕಟ್ಟಿದ ಹೊತ್ತನ್ನು ಹಣೆಯ ಮೇಲೆ ಬರೆಯಿರಿ. ಬಿಚ್ಚುವುದು ಆಸ್ಪತ್ರೆಯಲ್ಲೇ, ಎರಡು ಗಂಟೆಯೊಳಗೆ ತಲುಪಲು ನೋಡಿ. ತೊಡೆಸಂದು, ಕಂಕುಳಲ್ಲಿ ಕಟ್ಟಲಾಗದು. ಅಲ್ಲಿ ಗಾಯದೊಳಗೆ ಗಾಜ್ ಬಟ್ಟೆ ತುರುಕಿ, ಕೈ ತೆಗೆಯದೆ 10 ನಿಮಿಷ ಒತ್ತಿಹಿಡಿಯಿರಿ. ಅಗ್ಗದ ನಕಲಿ ಟೂರ್ನಿಕೆಟಿನ ಕಡ್ಡಿ ತಿರುಗಿಸುವಾಗಲೇ ಮುರಿಯುತ್ತದೆ. ಹೊರಡುವ ಮೊದಲೇ ಒಂದೇ ಕೈಯಲ್ಲಿ ನಿಮ್ಮ ತೊಡೆಗೆ ಕಟ್ಟಿ ಅಭ್ಯಾಸ ಮಾಡಿ. ಅಭ್ಯಾಸಕ್ಕೆ ಬಳಸಿದ್ದನ್ನು ಊರಲ್ಲೇ ಬಿಡಿ.

ಸ್ಫೋಟದ ಸದ್ದು ಕೇಳಿದ ಕಡೆಗೆ ಓಡಬೇಡಿ. 2018ರ ಏಪ್ರಿಲ್ 30ರಂದು ಕಾಬೂಲಿನಲ್ಲಿ ಮೊದಲ ಬಾಂಬಿನ ವರದಿಗೆ ಸೇರಿದ್ದ ಪತ್ರಕರ್ತರ ನಡುವೆ, ಪತ್ರಕರ್ತನ ಸೋಗಿನಲ್ಲಿ ಬಂದವನು ಎರಡನೆಯದನ್ನು ಸಿಡಿಸಿದ. ಒಂಬತ್ತು ಪತ್ರಕರ್ತರು ಸತ್ತರು.

ಸ್ಯಾಟಲೈಟ್ ಫೋನ್ ಒಯ್ಯಬೇಡಿ, ಪರವಾನಗಿ ಇಲ್ಲದೆ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಅಪರಾಧ. ಅದರ ಬದಲು ಮನೆಯಲ್ಲೊಬ್ಬರಿಗೆ ಹೋಗುವ ದಾರಿ, ಮರಳುವ ಹೊತ್ತು, ರಕ್ತದ ಗುಂಪು, ಸ್ಥಳೀಯ ವರದಿಗಾರರ ನಂಬರು ಬರೆದುಕೊಡಿ. ಹೇಳಿದ ಹೊತ್ತಿಗೆ ಕರೆ ಬಾರದಿದ್ದರೆ ಎಷ್ಟು ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.

ಬೆಳಿಗ್ಗೆ ಆ ಸ್ಥಳೀಯರು ಇವತ್ತು ಬೇಡ ಎಂದರೆ ಕಾರಣ ಕೆದಕದೆ ಬಸ್ತರಿನ ಮುಖ್ಯ ಪಟ್ಟಣ ಜಗದಲ್‌ಪುರಕ್ಕೆ ಮರಳಿ. ಅವರ ಆ ದಿನದ ಸಂಭಾವನೆ ಪೂರ್ತಿ ಕೊಡಿ. ಇಲ್ಲವಾದರೆ ಮುಂದಿನ ಸಲ ದುಡ್ಡು ತಪ್ಪೀತೆಂದು ಬೇಡ ಅನ್ನಬೇಕಾದಲ್ಲೂ ಅವರು ಹೂಂ ಅಂದಾರು.